ಬೋಂಜೂರ್‌ನಿಂದ ಶುರು: ನಗುತ್ತ, ಹಬ್ಬ ಮಾಡುತ್ತ ಫ್ರೆಂಚ್ ಕಲಿಯುವ ದಾರಿ

ಫ್ರೆಂಚ್ ಪಠ್ಯಪುಸ್ತಕ ತೆರೆದರೆ ಮೊದಲ ಪುಟಗಳಲ್ಲೇ ಕ್ರಿಯಾಪದಗಳ ಕೋಷ್ಟಕ ಎದುರಾಗುತ್ತದೆ. ಅದನ್ನು ಶ್ರದ್ಧೆಯಿಂದ ಬಾಯಿಪಾಠ ಮಾಡಿದವರೂ ಪ್ಯಾರಿಸ್ಸಿನ ಬೇಕರಿಯಲ್ಲಿ ಬ್ರೆಡ್ ಕೇಳಲು ತಡವರಿಸುತ್ತಾರೆ. ಕೋಷ್ಟಕದ ಮೇಲೆ ನನಗೆ ಸಿಟ್ಟಿಲ್ಲ, ಅದು ಬೇಕೇ ಬೇಕು. ಆದರೆ ಅದಕ್ಕಿಂತ ಮೊದಲು ಬರಬೇಕಾದದ್ದು ಬೇರೆ ಇದೆ. ಆ ಜನ ಅಂಗಡಿಗೆ ಕಾಲಿಟ್ಟಾಗ ಏನೆನ್ನುತ್ತಾರೆ, ಯಾವ ಮಾತಿಗೆ ನಗುತ್ತಾರೆ, ಯಾವ ತಿಂಗಳಲ್ಲಿ ಏನು ತಿನ್ನುತ್ತಾರೆ ಎಂಬುದು ಗೊತ್ತಾದರೆ ಪದಗಳಿಗೆ ನೆನಪಿನಲ್ಲಿ ಕೂರಲು ಜಾಗ ಸಿಗುತ್ತದೆ. ಈ ಬರಹ ಏನೂ ಗೊತ್ತಿಲ್ಲದೆ ಶುರು ಮಾಡುವವರಿಗಾಗಿ.

ಓದುವ ಮೊದಲು ಒಂದು ಸೂಚನೆ. ಇಲ್ಲಿ ಫ್ರೆಂಚ್ ಮಾತುಗಳನ್ನು ಕನ್ನಡ ಲಿಪಿಯಲ್ಲಿ, ಕಿವಿಗೆ ಬೀಳುವಂತೆ ಬರೆದಿದ್ದೇನೆ. ಬರಿಯ ‘ಜ’ ಇದ್ದರೆ ‘ಶ’ ಹೇಳುವ ಜಾಗದಲ್ಲೇ ನಾಲಿಗೆ ಇಟ್ಟು ಕಂಠ ಸೇರಿಸಿ ಹೇಳಿ. ‘ಜ಼’ ಇದ್ದರೆ ‘ಸ’ ಹೇಳುವ ಜಾಗದಲ್ಲಿಟ್ಟು ಹೇಳಿ. ಕೊನೆಯಲ್ಲಿ ಸೊನ್ನೆ ಬಂದರೆ ತುಟಿ ಮುಚ್ಚಬೇಡಿ, ಸ್ವರ ಮೂಗಿನಲ್ಲೇ ಮುಗಿಯಲಿ. ಪ್ರತಿ ಮಾತಿನ ಫ್ರೆಂಚ್ ಕಾಗುಣಿತವನ್ನು ಆಮೇಲೆ ನಿಘಂಟಿನಲ್ಲಿ ಹುಡುಕಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಹುಡುಕುವ ಆ ಕೆಲಸವೂ ಕಲಿಕೆಯೇ.

ಹಂತ 1: ಬಾಯಿಯನ್ನು ಹದಗೊಳಿಸಿ

ಕನ್ನಡಿಗರಿಗೆ ಇಲ್ಲಿ ಹುಟ್ಟಿನಿಂದ ಬಂದ ಅನುಕೂಲವೊಂದಿದೆ. ಫ್ರೆಂಚಿನ ತ, ದ ನಮ್ಮವೇ ಆದ ತ, ದ; ನಾಲಿಗೆ ಹಲ್ಲಿಗೆ ತಾಗುತ್ತದೆ. ಪ, ತ, ಕ ಹೇಳುವಾಗ ಇಂಗ್ಲಿಷರಂತೆ ಉಸಿರು ಹೊರದೂಡುವುದಿಲ್ಲ. ಶಾಲೆಯಲ್ಲಿ ಇಂಗ್ಲಿಷ್ ಓದುತ್ತ ರೂಢಿಯಾದ ಟ, ಡಗಳನ್ನು ಬದಿಗಿಟ್ಟು ಮನೆಯ ತ, ದಗಳಿಗೆ ಮರಳಿದರೆ ಅರ್ಧ ಉಚ್ಚಾರಣೆ ಅಲ್ಲೇ ಸರಿಯಾಯಿತು. ಫ್ರೆಂಚ್ ಕತೆಗಾರ ಮೊಪಾಸಾನನ್ನು ಇಂಗ್ಲಿಷಿನ ಮೂಲಕ ಓದಿ ಬಂದವರು ಈ ಸಲೀಸನ್ನು ಬಳಸಿಕೊಳ್ಳದೆ ಬಿಡುವುದು ನೋಡಿದರೆ ನನಗೆ ಬೇಸರವಾಗುತ್ತದೆ.

ಹೊಸದಾಗಿ ಕಲಿಯಬೇಕಾದ ಸದ್ದುಗಳು ಮೂರು. ಮೊದಲನೆಯದು ‘ರ’. ನಾಲಿಗೆಯ ತುದಿ ಕೆಳಗಿನ ಹಲ್ಲಿನ ಹಿಂದೆ ಸುಮ್ಮನಿರಲಿ, ಗಾಳಿ ಕಿರುನಾಲಿಗೆಯ ಬಳಿ ಉಜ್ಜಿಕೊಂಡು ಬರಲಿ. ಇದು ತಕ್ಷಣ ಬಾರದಿದ್ದರೆ ನಮ್ಮ ‘ರ’ವನ್ನೇ ಬಳಸಿ, ಅರ್ಥವಾಗುತ್ತದೆ. ಎರಡನೆಯದಕ್ಕೆ ಆ ರಿಯಾಯಿತಿ ಇಲ್ಲ. ‘ಈ’ ಎನ್ನುತ್ತಲೇ ತುಟಿಯನ್ನು ‘ಊ’ಗೆ ಬೇಕಾದಂತೆ ದುಂಡಗೆ ಮಾಡಿ. ಆಗ ಬರುವ ಸ್ವರವನ್ನು ನಾನಿಲ್ಲಿ ‘ಯು’ ಎಂದು ಬರೆಯುತ್ತೇನೆ. ‘ದಸ್ಯು’ ಎಂದರೆ ಮೇಲೆ, ‘ದಸೂ’ ಎಂದರೆ ಕೆಳಗೆ. ಬೀಗದ ಕೈ ಚಾಪೆಯ ಮೇಲಿದೆಯೋ ಅಡಿಯಲ್ಲಿದೆಯೋ ಎಂಬುದು ನಿಮ್ಮ ತುಟಿಯನ್ನು ಅವಲಂಬಿಸಿದೆ. ಮೂರನೆಯದು ಮೂಗಿನ ಸ್ವರಗಳು. ಇದಕ್ಕೆ ಮೇಷ್ಟ್ರುಗಳು ಕೊಡುವ ಹಳೆಯ ವಾಕ್ಯ ‘ಅಂ ಬೋಂ ವ್ಯಾಂ ಬ್ಲಾಂ’, ಒಂದು ಒಳ್ಳೆಯ ಬಿಳಿ ದ್ರಾಕ್ಷಾರಸ. ನಾಲ್ಕೂ ಪದಗಳಲ್ಲಿ ನಾಲ್ಕು ಬೇರೆ ಬೇರೆ ಮೂಗಿನ ಸ್ವರಗಳಿವೆ. ಪ್ಯಾರಿಸ್ಸಿನ ಬಹಳ ಜನ ಈಗ ಮೊದಲನೆಯದನ್ನೂ ಮೂರನೆಯದನ್ನೂ ಒಂದೇ ಮಾಡಿಬಿಟ್ಟಿದ್ದಾರೆ, ಹಾಗಾಗಿ ನಿಮಗೆ ಮೂರು ಬಂದರೂ ಸಾಕು.

ಪದದ ಕೊನೆಯ ವ್ಯಂಜನ ಸಾಮಾನ್ಯವಾಗಿ ಮೌನ. ‘ಲೇ’ ಎಂಬ ಬಹುವಚನದ ಪದದ ಕೊನೆಗೆ ಬರಹದಲ್ಲಿ ಒಂದು ಸಕಾರ ಇದೆ, ಬಾಯಲ್ಲಿ ಇಲ್ಲ. ಮುಂದೆ ‘ಆಮಿ’, ಅಂದರೆ ಗೆಳೆಯ ಎಂಬ ಸ್ವರಾದಿ ಪದ ಬಂದೊಡನೆ ಅದು ಎಚ್ಚೆತ್ತು ‘ಲೇಜ಼ಾಮಿ’ ಆಗುತ್ತದೆ. ‘ಗುರು’ವಿಗೆ ‘ಅನ್ನು’ ಸೇರಿ ‘ಗುರುವನ್ನು’ ಆಗುವ ಆಗಮಸಂಧಿಯನ್ನು ಹೈಸ್ಕೂಲಿನಲ್ಲಿ ಓದಿದವರಿಗೆ ಇದು ಗಾಬರಿಯ ವಿಷಯವಲ್ಲ. ವ್ಯತ್ಯಾಸ ಇಷ್ಟೇ: ನಮ್ಮಲ್ಲಿ ಹೊಸ ಅಕ್ಷರ ಬರುತ್ತದೆ, ಅಲ್ಲಿ ಬರಹದಲ್ಲಿ ಸುಮ್ಮನಿದ್ದ ಅಕ್ಷರವೇ ಬಾಯಿಗೆ ಬರುತ್ತದೆ.

ಹಂತ 2: ಬೇಕರಿಯ ಬಾಗಿಲಲ್ಲಿ ‘ಬೋಂಜೂರ್’

ಫ್ರಾನ್ಸಿನಲ್ಲಿ ಅಂಗಡಿ, ಬಸ್ಸು, ಲಿಫ್ಟು, ಡಾಕ್ಟರ ಕ್ಲಿನಿಕ್ಕಿನ ಕಾಯುವ ಕೋಣೆ, ಎಲ್ಲಿಗೆ ಕಾಲಿಟ್ಟರೂ ಮೊದಲ ಮಾತು ‘ಬೋಂಜೂರ್’. ಅದನ್ನು ಹೇಳದೆ ನೇರವಾಗಿ ಬೇಕಾದ್ದನ್ನು ಕೇಳಿದರೆ ಎದುರಿನವರ ಮುಖ ಬಿಗಿಯುತ್ತದೆ. ಪ್ರವಾಸಕ್ಕೆ ಹೋದವರು ‘ಫ್ರೆಂಚರು ಸಿಡುಕರು’ ಎಂದು ದೂರಿಕೊಂಡು ಬರುವುದುಂಟು. ಎಷ್ಟೋ ಸಲ ಅಲ್ಲಿ ಆಗಿರುವುದು ಇದೇ, ಬೋಂಜೂರ್ ಬಿಟ್ಟುಹೋಗಿರುತ್ತದೆ. ಅದನ್ನು ಬರಿಯ ನಮಸ್ಕಾರವೆಂದು ತಿಳಿಯಬೇಡಿ. ‘ನೀವು ಇಲ್ಲಿದ್ದೀರಿ ಎಂಬುದನ್ನು ನಾನು ಗಮನಿಸಿದೆ’ ಎಂಬ ಮರ್ಯಾದೆ ಅದರಲ್ಲಿದೆ. ಜೊತೆಗೆ ‘ಮಾದಾಮ್’ ಅಥವಾ ‘ಮಸ್ಯೆ’ ಸೇರಿಸಿದರೆ ಇನ್ನೂ ಚೆಂದ. ಸಂಜೆಯಾದ ಮೇಲೆ ‘ಬೋಂಸ್ವಾರ್’. ಹೊರಡುವಾಗ ‘ಮೆರ್ಸಿ, ಬಾನ್ ಜೂರ್ನೇ’, ನಿಮ್ಮ ದಿನ ಚೆನ್ನಾಗಿರಲಿ.

ಮೊದಲ ನಾಟಕವನ್ನು ಬೇಕರಿಯಲ್ಲೇ ಆಡಿ. ಮನೆಯಲ್ಲಿ ಒಬ್ಬರು ಅಂಗಡಿಯವರಾಗಲಿ.

‘ಬೋಂಜೂರ್ ಮಾದಾಮ್. ಯುನ್ ತ್ರಾದಿಸ್ಯೋಂ, ಸಿಲ್ ವೂ ಪ್ಲೆ.’ ದಯವಿಟ್ಟು ಒಂದು ‘ತ್ರಾದಿಸ್ಯೋಂ’ ಕೊಡಿ.

‘ಬ್ಯಾಂ ಕ್ವಿತ್ ಊ ಪಾ ತ್ರೋ ಕ್ವಿತ್?’ ಚೆನ್ನಾಗಿ ಬೆಂದದ್ದೋ, ಹೆಚ್ಚು ಬೇಯದ್ದೋ?

‘ಪಾ ತ್ರೋ ಕ್ವಿತ್. ಮೆರ್ಸಿ, ಬಾನ್ ಜೂರ್ನೇ!’

ಈ ‘ತ್ರಾದಿಸ್ಯೋಂ’ ಎಂಬ ಹೆಸರಿನ ಹಿಂದೆ 1993ರ ಸರಕಾರಿ ಆದೇಶವಿದೆ. ಆ ಹೆಸರಿನಲ್ಲಿ ಮಾರುವ ಬ್ರೆಡ್ಡಿನ ಹಿಟ್ಟನ್ನು ಎಲ್ಲೂ ಫ್ರೀಜ್ ಮಾಡುವಂತಿಲ್ಲ, ರಾಸಾಯನಿಕಗಳನ್ನು ಸೇರಿಸುವಂತಿಲ್ಲ. 2022ರಲ್ಲಿ ಬಾಗೆತ್ ಎಂಬ ಉದ್ದನೆಯ ಬ್ರೆಡ್ (ತ್ರಾದಿಸ್ಯೋಂ ಅದರದೇ ಒಂದು ಬಗೆ) ಮಾಡುವ ಕುಶಲತೆಯನ್ನೂ ಅದರ ಸುತ್ತಲಿನ ಬದುಕನ್ನೂ ಯುನೆಸ್ಕೋ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಬೇಕರಿಯ ಮುಂದಿನ ಸಣ್ಣ ಸಾಲಿನಲ್ಲಿ ನಿಂತು ಆಡುವ ಈ ನಾಲ್ಕು ಮಾತಿಗೂ ಆ ಪರಂಪರೆಯಲ್ಲಿ ಪಾಲಿದೆ. ಇಲ್ಲಿ ಬಂದ ‘ಕ್ವಿತ್’ ಅಂದರೆ ‘ಬೆಂದದ್ದು’ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಂತ 3: ‘ತ್ಯು’ ಯಾರಿಗೆ, ‘ವೂ’ ಯಾರಿಗೆ

ಇಂಗ್ಲಿಷರು ತಲೆ ಕೆಡಿಸಿಕೊಳ್ಳುವ ಈ ವಿಷಯ ನಮಗೆ ತೊಟ್ಟಿಲಿನಿಂದಲೇ ಗೊತ್ತು. ‘ತ್ಯು’ ನೀನು, ‘ವೂ’ ನೀವು. ಮಕ್ಕಳು, ಮನೆಯವರು, ಗೆಳೆಯರು ‘ತ್ಯು’. ಅಪರಿಚಿತರು, ಅಂಗಡಿಯವರು, ಅಧಿಕಾರಿಗಳು ‘ವೂ’. ಆದರೆ ನಮ್ಮ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಅಲ್ಲಿ ಅಪ್ಪ, ಅಜ್ಜ, ಅತ್ತೆ, ದೊಡ್ಡಪ್ಪ ಎಲ್ಲರಿಗೂ ಸಾಮಾನ್ಯವಾಗಿ ‘ತ್ಯು’ ಎನ್ನುತ್ತಾರೆ. ವಯಸ್ಸಿಗಿಂತ ಒಡನಾಟ ಮುಖ್ಯ. ಹೋಟೆಲಿನ ಹುಡುಗ ಎಷ್ಟೇ ಚಿಕ್ಕವನಿರಲಿ, ಅವನಿಗೆ ‘ವೂ’ ಎನ್ನಲೇಬೇಕು. ಈ ಎರಡನೆಯ ನಿಯಮವನ್ನು ನಮ್ಮೂರಿಗೂ ತಂದುಕೊಳ್ಳಬಾರದೇಕೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಸ್ನೇಹ ಬೆಳೆದಾಗ ಒಬ್ಬರು ಕೇಳುತ್ತಾರೆ: ‘ಓಂ ಪ ಸ ತ್ಯುತ್ವಾಯೇ?’ ನಾವು ನೀನು-ನೀನು ಎಂದುಕೊಳ್ಳೋಣವೇ? ಅದನ್ನು ಹಿರಿಯರೇ ಕೇಳಲಿ, ನೀವು ಕಾಯಿರಿ.

ಹಂತ 4: ಚಿಲ್ಲರೆ ಮಾತುಗಳನ್ನು ಜೇಬಿನಲ್ಲಿಟ್ಟುಕೊಳ್ಳಿ

ಪುಸ್ತಕದ ಫ್ರೆಂಚ್ ಒಂದು, ಬೀದಿಯ ಫ್ರೆಂಚ್ ಇನ್ನೊಂದು. ‘ನನಗೆ ಗೊತ್ತಿಲ್ಲ’ ಎನ್ನಲು ಪುಸ್ತಕ ‘ಜ ನ ಸೆ ಪಾ’ ಎಂದು ಕಲಿಸುತ್ತದೆ. ಬೀದಿಯಲ್ಲಿ ‘ನ’ ಬಿದ್ದುಹೋಗಿ, ಉಳಿದದ್ದೂ ಕರಗಿ ‘ಶೆ ಪಾ’ ಆಗುತ್ತದೆ. ‘ನಾವು’ ಎನ್ನಲು ಪುಸ್ತಕದಲ್ಲಿ ‘ನೂ’, ಮಾತಿನಲ್ಲಿ ಹೆಚ್ಚಾಗಿ ‘ಓಂ’. ‘ಓಂ’ ಜೊತೆ ಕ್ರಿಯಾಪದ ಏಕವಚನದಲ್ಲೇ ಇರುತ್ತದೆ, ಹೊಸಬರಿಗೆ ಇದೂ ಒಂದು ಉಪಕಾರ.

ಇವುಗಳ ಜೊತೆ ಒಂದಿಷ್ಟು ಮಾತು. ‘ಸಾ ವಾ?’ ಹೇಗಿದ್ದೀಯ, ಉತ್ತರವೂ ‘ಸಾ ವಾ’. ‘ವ್ವಾಲಾ’ ಎಂದರೆ ‘ಇಗೋ’, ‘ಅಷ್ಟೇ’, ‘ಅದೇ ನಾನು ಹೇಳಿದ್ದು’, ಎಲ್ಲವೂ. ‘ದ್ಯು ಕೂ’ ಅಂದರೆ ‘ಹಾಗಾಗಿ’. ಯುವಕರ ಮಾತಿನಲ್ಲಿ ಇದು ಎಷ್ಟು ಹೆಚ್ಚೆಂದರೆ ಹಿರಿಯರು ಬೈಯುತ್ತಾರೆ. ‘ಸೆ ಪಾ ಗ್ರಾವ್’, ಪರವಾಗಿಲ್ಲ ಬಿಡಿ. ‘ಬಾಫ್’ ಎನ್ನುವಾಗ ಕೆನ್ನೆ ಸ್ವಲ್ಪ ಉಬ್ಬಿ ಭುಜ ಮೇಲೇಳಬೇಕು. ಸಿನಿಮಾ ಹೇಗಿತ್ತು ಎಂದರೆ ‘ಅಷ್ಟಕ್ಕಷ್ಟೇ’ ಎಂಬ ಉತ್ತರ ಅದು.

ಫ್ರೆಂಚರ ಹೊಗಳಿಕೆಯಲ್ಲಿ ಒಂದು ಜಿಪುಣತನವಿದೆ, ಅದನ್ನು ಈಗಲೇ ತಿಳಿದಿರಬೇಕು. ‘ಪಾ ಮಾಲ್’, ಕೆಟ್ಟದ್ದಲ್ಲ ಎಂದರೆ ‘ಚೆನ್ನಾಗಿದೆ’. ನಿಮ್ಮ ಅಡುಗೆ ಉಂಡು ಯಾರಾದರೂ ‘ಪಾ ಮಾಲ್ ದ್ಯು ತೂ’ ಎಂದರೆ ಸಂತೋಷಪಡಿ. ಆದರೆ ‘ಪಾ ತೆರಿಬ್ಲ್’ ಎಂದರೆ ಖುಷಿಪಡಬೇಡಿ. ‘ಭಯಂಕರವಲ್ಲ’ ಎಂದು ಅಕ್ಷರಶಃ ಕೇಳಿಸಿದರೂ ಅದರ ಅರ್ಥ ‘ಅಷ್ಟೇನೂ ಚೆನ್ನಾಗಿಲ್ಲ’. ಆಡುಮಾತಿನಲ್ಲಿ ‘ತೆರಿಬ್ಲ್’ಗೆ ‘ಅದ್ಭುತ’ ಎಂಬ ಅರ್ಥವೂ ಇದೆ. ನಮ್ಮಲ್ಲೂ ‘ಭಯಂಕರ ಚೆನ್ನಾಗಿದೆ’ ಎನ್ನುವುದಿಲ್ಲವೇ.

ಊಟದ ಮೇಜಿನಲ್ಲಿ ಎರಡು ಎಚ್ಚರಿಕೆ. ಇನ್ನಷ್ಟು ಬಡಿಸಲು ಬಂದಾಗ ಬರಿಯ ‘ಮೆರ್ಸಿ’ ಎಂದರೆ ‘ಬೇಡ’ ಎಂದು ತಿಳಿಯುವ ಸಾಧ್ಯತೆ ಇದೆ. ಬೇಕಿದ್ದರೆ ‘ವ್ವಿ, ಸಿಲ್ ವೂ ಪ್ಲೆ’ ಎನ್ನಿ. ಹೊಟ್ಟೆ ತುಂಬಿತು ಎಂಬುದನ್ನು ಪದಕ್ಕೆ ಪದ ಇಟ್ಟು ‘ಜ ಸ್ವಿ ಪ್ಲ್ಯಾಂ’ ಎನ್ನಲೇಬೇಡಿ. ಗಂಡಸು ಹಾಗೆಂದರೆ ಕುಡಿದು ತೂರಾಡುತ್ತಿದ್ದಾನೆ ಎಂದೂ, ಹೆಂಗಸು ‘ಪ್ಲೆನ್’ ಎಂದರೆ ಗಬ್ಬದ ಹಸುವಿಗೆ ಹೇಳುವ ಮಾತೆಂದೂ ಆಗುತ್ತದೆ. ‘ಜೇ ಬ್ಯಾಂ ಮಾಂಜೇ’, ಚೆನ್ನಾಗಿ ಉಂಡೆ ಎಂದರೆ ಬಡಿಸಿದವರಿಗೂ ಸಂತೋಷ.

ಹಂತ 5: ನುಡಿಗಟ್ಟುಗಳನ್ನು ಚಿತ್ರವಾಗಿ ಕಲಿಯಿರಿ

ಹಳೆಯ ನೋಟ್‌ಬುಕ್ಕೊಂದನ್ನು ಇದಕ್ಕೆಂದೇ ಇಡಿ. ಎಡಪುಟದಲ್ಲಿ ಅಕ್ಷರಶಃ ಅರ್ಥದ ಚಿತ್ರ ಬಿಡಿಸಿ, ಬಲಪುಟದಲ್ಲಿ ಕನ್ನಡದ ಸಮಾನ ಮಾತು ಬರೆಯಿರಿ. ಚಿತ್ರ ಎಷ್ಟು ವಕ್ರವಾಗಿದ್ದರೂ ಸರಿ. ನಾಲ್ಕು ಪದ ಒಟ್ಟಿಗೆ ತಲೆಗೆ ಹೋಗುತ್ತವೆ, ವ್ಯಾಕರಣವೂ ಅವುಗಳ ಬೆನ್ನಿಗೆ ಅಂಟಿಕೊಂಡು ಬರುತ್ತದೆ.

‘ಪೋಜ಼ೇ ಅಂ ಲಾಪ್ಯಾಂ’, ಒಂದು ಮೊಲ ಇಡುವುದು. ಬರುತ್ತೇನೆಂದು ಹೇಳಿ ಬಾರದವನ ಬಗ್ಗೆ ಹೇಳುವ ಮಾತು. ನಾವು ‘ಕೈ ಕೊಟ್ಟ’ ಎನ್ನುತ್ತೇವೆ. ‘ರಾಕೋಂತೇ ದೇ ಸಾಲಾದ್’, ಸಲಾಡುಗಳನ್ನು ಹೇಳುವುದು, ಅಂದರೆ ಬುರುಡೆ ಬಿಡುವುದು. ‘ತೋಂಬೇ ದಾಂ ಲೇ ಪಾಮ್’, ಸೇಬುಗಳೊಳಗೆ ಬೀಳುವುದು, ಎಚ್ಚರ ತಪ್ಪುವುದು. ‘ಸೆ ಪಾ ತೇಜ಼ೋನ್ಯೋಂ’, ಅವು ನಿನ್ನ ಈರುಳ್ಳಿಗಳಲ್ಲ. ನಮ್ಮಲ್ಲಿ ‘ನಿನಗ್ಯಾಕೆ ಊರ ಉಸಾಬರಿ’. ಇಲ್ಲಿ ‘ತೇ’ ಮತ್ತು ‘ಓನ್ಯೋಂ’ ನಡುವೆ ಮೊದಲ ಹಂತದ ಆ ‘ಜ಼’ ಮತ್ತೆ ಎಚ್ಚೆತ್ತಿದೆ, ಗಮನಿಸಿ. ‘ಲೇ ಕಾರಾತ್ ಸೋಂ ಕ್ವಿತ್’, ಕ್ಯಾರೆಟ್ಟುಗಳು ಬೆಂದವು, ಅಂದರೆ ಕಥೆ ಮುಗಿಯಿತು, ಇನ್ನೇನೂ ಮಾಡುವಂತಿಲ್ಲ. ಬೇಕರಿಯಲ್ಲಿ ಕಲಿತ ‘ಕ್ವಿತ್’ ಇಲ್ಲಿ ಕೆಲಸಕ್ಕೆ ಬಂತು.

‘ಇಲ್ ಪ್ಲ ದೇ ಕಾರ್ದ್’, ಹಗ್ಗಗಳ ಮಳೆ ಸುರಿಯುತ್ತಿದೆ, ನಮ್ಮ ಮುಸಲಧಾರೆ. ‘ಕಾಂ ಲೇ ಪೂಲ್ ಓರೋಂ ದೇ ದಾಂ’, ಕೋಳಿಗಳಿಗೆ ಹಲ್ಲು ಬಂದಾಗ. ನಮ್ಮ ಮೊಲಕ್ಕೆ ಕೊಂಬು ಬಂದಾಗ. ಈ ಒಂದು ಮಾತಿನಲ್ಲಿ ಭವಿಷ್ಯತ್ ಕಾಲದ ರೂಪವೂ ಉಚಿತವಾಗಿ ಸಿಗುತ್ತದೆ. ‘ಆವ್ವಾರ್ ಅಂ ಪ್ವಾಲ್ ದಾಂ ಲಾ ಮ್ಯಾಂ’, ಅಂಗೈಯಲ್ಲಿ ಒಂದು ಕೂದಲಿರುವುದು. ಕೆಲಸವೇ ಮಾಡದ ಕೈಯಲ್ಲಿ ಕೂದಲು ಬೆಳೆದೀತು, ಆದ್ದರಿಂದ ಮೈಗಳ್ಳ. ‘ಶೆರ್ಶೇ ಮಿದಿ ಆ ಕಾತಾರ್ಜ಼ರ್’, ಮಧ್ಯಾಹ್ನದ ಹನ್ನೆರಡನ್ನು ಎರಡು ಗಂಟೆಯಲ್ಲಿ ಹುಡುಕುವುದು. ಸುಲಭದ್ದನ್ನು ಕಷ್ಟ ಮಾಡಿಕೊಳ್ಳುವವರಿಗೆ ಹೇಳುತ್ತಾರೆ. ನಮ್ಮ ಕೊಂಕಣ ಸುತ್ತಿ ಮೈಲಾರಕ್ಕೆ ಬರುವವರು ಅವರ ಹತ್ತಿರದ ನೆಂಟರು.

ನುಡಿಗಟ್ಟುಗಳ ಹುಟ್ಟಿನ ಬಗ್ಗೆ ಹತ್ತು ಕಥೆಗಳು ಓಡಾಡುತ್ತಿರುತ್ತವೆ, ಅವುಗಳ ಬೆನ್ನು ಹತ್ತಬೇಡಿ. ಆದರೆ ಒಂದರ ಮೂಲ ಸ್ಪಷ್ಟವಾಗಿದೆ, ಸೊಗಸಾಗಿಯೂ ಇದೆ. ಮಾತು ಎಲ್ಲೆಲ್ಲೋ ಹೋದಾಗ ಫ್ರೆಂಚರು ‘ರವನೋಂ ಆ ನೋ ಮೂತೋಂ’ ಎನ್ನುತ್ತಾರೆ, ನಮ್ಮ ಕುರಿಗಳಿಗೆ ಮರಳೋಣ. 15ನೆಯ ಶತಮಾನದ ‘ವಕೀಲ ಪಾತ್‌ಲ್ಯಾಂ’ ಎಂಬ ಪ್ರಹಸನದಲ್ಲಿ ಬಟ್ಟೆ ವ್ಯಾಪಾರಿಯೊಬ್ಬ ಕುರಿಗಳ್ಳನಾದ ತನ್ನ ಕುರುಬನ ಮೇಲೆ ದೂರು ತಂದಿರುತ್ತಾನೆ. ನ್ಯಾಯಾಲಯದಲ್ಲಿ ನೋಡಿದರೆ ಎದುರು ಪಕ್ಷದ ವಕೀಲ ತನ್ನಿಂದಲೇ ಬಟ್ಟೆ ಪಡೆದು ಹಣ ಕೊಡದೆ ಹೋದವನು! ವ್ಯಾಪಾರಿ ಕುರಿಯನ್ನೂ ಬಟ್ಟೆಯನ್ನೂ ಕಲಸಿ ಮಾತಾಡತೊಡಗುತ್ತಾನೆ, ನ್ಯಾಯಾಧೀಶ ಕುರಿಗಳ ಕಡೆಗೆ ಬಾ ಎಂದು ಗದರುತ್ತಾನೆ. ಐದು ಶತಮಾನಗಳ ನಂತರವೂ ಆಫೀಸಿನ ಮೀಟಿಂಗುಗಳಲ್ಲಿ ಆ ಕುರಿಗಳು ಮೇಯುತ್ತಿವೆ.

ಹಂತ 6: ಹಾಸ್ಯದ ಮನೆಗೆ ಹೋಗಿ

ಒಂದು ಭಾಷೆಯ ಜೋಕಿಗೆ ಆ ಭಾಷೆಯಲ್ಲೇ ನಕ್ಕ ದಿನ ಕಲಿಕೆಯಲ್ಲಿ ದೊಡ್ಡ ದಿನ. ಅದಕ್ಕೆ ವರ್ಷಗಟ್ಟಲೆ ಕಾಯಬೇಕಾಗಿಲ್ಲ. ಫ್ರೆಂಚ್ ಮಕ್ಕಳ ಜೋಕುಗಳು ಹೊಸ ಕಲಿಕೆಯವರಿಗೆ ಹೇಳಿಮಾಡಿಸಿದಂತಿವೆ.

ಅಲ್ಲಿನ ತುಂಟ ಹುಡುಗನ ಹೆಸರು ತೋತೋ. ಟೀಚರು ಅವನಿಗೆ ‘ನಡೆ’ ಎಂಬ ಕ್ರಿಯಾಪದದ ರೂಪಗಳನ್ನು ಹೇಳಲು ಹೇಳುತ್ತಾರೆ. ತೋತೋ ಎಳೆಯುತ್ತ ಶುರುಮಾಡುತ್ತಾನೆ: ‘ಜ ಮಾರ್ಶ್... ತ್ಯು ಮಾರ್ಶ್... ಇಲ್ ಮಾರ್ಶ್...’ ನಾನು ನಡೆಯುತ್ತೇನೆ, ನೀನು ನಡೆಯುತ್ತೀಯ, ಅವನು ನಡೆಯುತ್ತಾನೆ. ಟೀಚರಿಗೆ ತಾಳ್ಮೆ ತಪ್ಪಿ ‘ಪ್ಲ್ಯು ವಿತ್!’, ಬೇಗ ಬೇಗ ಎನ್ನುತ್ತಾರೆ. ತೋತೋ: ‘ಜ ಕೂರ್, ತ್ಯು ಕೂರ್, ಇಲ್ ಕೂರ್!’ ನಾನು ಓಡುತ್ತೇನೆ, ನೀನು ಓಡುತ್ತೀಯ, ಅವನು ಓಡುತ್ತಾನೆ.

ನಕ್ಕ ಮೇಲೆ ಒಮ್ಮೆ ಕಿವಿಗೊಡಿ. ಮೂರು ರೂಪಗಳೂ ಒಂದೇ ಥರ ಕೇಳಿಸುತ್ತವೆ! ಬರಹದಲ್ಲಿ ಕೊನೆಯ ಅಕ್ಷರ ಬದಲಾಗುತ್ತದೆ, ಬಾಯಲ್ಲಿ ಇಲ್ಲ. ಆರಂಭದಲ್ಲಿ ಹೆದರಿಸಿದ ಆ ಕೋಷ್ಟಕದ ಅರ್ಧ ಭಾರ ಕಾಗದದ ಮೇಲಷ್ಟೇ ಇರುವುದು. ಇದನ್ನು ವಿದ್ಯಾರ್ಥಿಗಳಿಗೆ ಮೊದಲ ವಾರವೇ ಹೇಳಿಬಿಡಬೇಕೆಂಬುದು ನನ್ನ ಬಲವಾದ ನಂಬಿಕೆ.

ಇನ್ನೊಂದು ಬಗೆ ‘ಮಸ್ಯೆ ಮತ್ತು ಮಾದಾಮ್’ ಜೋಕು. ‘ತೇರಿಯರ್ ದಂಪತಿಗೆ ಇಬ್ಬರು ಗಂಡುಮಕ್ಕಳು, ಅವರ ಹೆಸರೇನು?’ ಉತ್ತರ ‘ಆಲ್ಯಾಂ ಮತ್ತು ಆಲೆಕ್ಸ್’. ಹೆಸರನ್ನೂ ಮನೆತನವನ್ನೂ ಸೇರಿಸಿ ಹೇಳಿದರೆ ‘ಆಲ್ಯಾಂತೇರಿಯರ್’, ಒಳಗಡೆ, ‘ಆಲೆಕ್ಸ್‌ತೇರಿಯರ್’, ಹೊರಗಡೆ. ಎರಡು ಉಪಯುಕ್ತ ಪದಗಳು ಒಮ್ಮೆಲೇ ನಿಮ್ಮವಾದವು, ಪದಗಳು ಹೇಗೆ ಒಂದಕ್ಕೊಂದು ಅಂಟುತ್ತವೆ ಎಂಬುದೂ ತಿಳಿಯಿತು. ಫ್ರೆಂಚರ ಹಾಸ್ಯದ ಬೇರು ಇಲ್ಲೇ ಇದೆ. ಬಹಳಷ್ಟು ಅಕ್ಷರಗಳು ಮೌನವಾಗಿರುವುದರಿಂದ ಬೇರೆ ಬೇರೆ ಪದಗಳು ಒಂದೇ ಥರ ಕೇಳಿಸುತ್ತವೆ, ಶ್ಲೇಷೆಗೆ ಅದು ಹಬ್ಬ. ರೇಮೋಂ ದೆವೋಸ್ (1922–2006) ಎಂಬ ಹಾಸ್ಯಗಾರ ಇಂಥ ಶ್ಲೇಷೆಗಳ ಮೇಲೆಯೇ ಇಡೀ ಸಂಜೆಯ ರಂಗಪ್ರದರ್ಶನ ಕಟ್ಟುತ್ತಿದ್ದ. ಅವನನ್ನು ಆಮೇಲೆ ಕೇಳುವಿರಂತೆ. ಈಗ ನಿಮಗೆ ಸಾಕಾಗುವಷ್ಟು ಶ್ಲೇಷೆ ಸಿಗುವುದು ಕಾರಾಂಬಾರ್ ಮಿಠಾಯಿಯ ಕಾಗದದೊಳಗೆ. 1954ರಲ್ಲಿ ಬಂದ ಈ ಕ್ಯಾರಮೆಲ್ ಕಡ್ಡಿಯ ಹೊದಿಕೆಯಲ್ಲಿ ಜೋಕು ಅಚ್ಚಾಗಿರುತ್ತದೆ. ತೀರಾ ಸಪ್ಪೆ ಜೋಕಿಗೆ ‘ಬ್ಲಾಗ್ ಕಾರಾಂಬಾರ್’ ಎಂಬ ಹೆಸರೇ ಬಿದ್ದಿದೆ.

ಆಮೇಲೆ ಆಸ್ತೆರಿಕ್ಸ್. 1959ರಲ್ಲಿ ಗೊಸಿನಿ ಮತ್ತು ಯುದೆರ್ಜೊ ಶುರುಮಾಡಿದ ಈ ಚಿತ್ರಕಥೆಯ ಹೆಸರುಗಳನ್ನು ಜೋರಾಗಿ ಓದಿ. ಪುಟ್ಟ ನಾಯಿ ‘ಇದೇಫಿಕ್ಸ್’, ಬಿಡದ ಹಟ. ಕೊಳೆತ ಮೀನು ಮಾರುವವನು ‘ಓರ್ದ್ರಾಲ್ಫಾಬೇತಿಕ್ಸ್’, ಅಕಾರಾದಿ ಕ್ರಮ. ಹಾಡಿ ಊರನ್ನು ಓಡಿಸುವ ಕವಿ ‘ಆಸ್ಯುರಾಂಸ್ತೂರಿಕ್ಸ್’, ಎಲ್ಲ ಅಪಾಯಗಳಿಗೂ ವಿಮೆ. ಅದೇ ಗೊಸಿನಿ ಬರೆದು ಸಾಂಪೇ ಚಿತ್ರ ಬಿಡಿಸಿದ ‘ಲ ಪತಿ ನಿಕೊಲಾ’ ಪುಸ್ತಕಗಳನ್ನು ಚಿಕ್ಕ ಹುಡುಗನೇ ತನ್ನ ಮಾತಿನಲ್ಲಿ ಹೇಳುತ್ತಾನೆ. ಕೆಲವು ತಿಂಗಳ ಕಲಿಕೆಯ ನಂತರ ನಿಘಂಟಿನೊಂದಿಗೆ ಓದಬಹುದಾದ ಮೊದಲ ಪುಸ್ತಕವಾಗಿ ನಾನು ಅದನ್ನೇ ಹೇಳುತ್ತೇನೆ.

ಹಂತ 7: ಪಂಚಾಂಗ ಹಿಡಿದು ಒಂದು ವರ್ಷ

ಗೋಡೆಯ ಕ್ಯಾಲೆಂಡರಿನಲ್ಲಿ ಈ ದಿನಗಳನ್ನು ಗುರುತು ಮಾಡಿ. ಆಯಾ ದಿನ ಆಯಾ ಮಾತುಗಳನ್ನು ಬಾಯಿಬಿಟ್ಟು ಹೇಳಿ.

ಜನವರಿ 6ರ ಆಸುಪಾಸಿನಲ್ಲಿ ‘ಗಾಲೆತ್ ದೇ ರ್ವಾ’, ರಾಜರ ಕೇಕು. ಬಾಲಯೇಸುವನ್ನು ನೋಡಲು ಬಂದ ಮೂವರು ರಾಜರ ನೆನಪಿನದು. ಉತ್ತರದಲ್ಲಿ ಬಾದಾಮಿಯ ಹೂರಣವಿಟ್ಟ ಪದರ ಪದರದ ಕೇಕು, ದಕ್ಷಿಣದ ಪ್ರೊವಾಂಸಿನಲ್ಲಿ ಸಕ್ಕರೆಯಲ್ಲಿ ಅದ್ದಿದ ಹಣ್ಣುಗಳಿರುವ ಬ್ರಿಯೋಶ್ ಎಂಬ ಮೆತ್ತನೆಯ ಸಿಹಿ ಬ್ರೆಡ್. ಎರಡರಲ್ಲೂ ಒಂದು ‘ಫೆವ್’ ಅಡಗಿಸಿರುತ್ತಾರೆ. ಹಿಂದೆ ನಿಜವಾದ ಅವರೆಜಾತಿಯ ಕಾಳು, ಈಗ ಪಿಂಗಾಣಿಯ ಪುಟ್ಟ ಗೊಂಬೆ. ಮನೆಯ ಅತಿ ಚಿಕ್ಕ ಮಗು ಮೇಜಿನ ಕೆಳಗೆ ಕೂರುತ್ತದೆ. ದೊಡ್ಡವರು ತುಂಡನ್ನು ತೋರಿಸಿ ‘ಸೆ ಪೂರ್ ಕಿ?’, ಇದು ಯಾರಿಗೆ ಎಂದು ಕೇಳುತ್ತಾರೆ. ಮಗು ನೋಡದೆಯೇ ‘ಪೂರ್ ಮಾಮಾಂ!’, ‘ಪೂರ್ ಪಾಪಾ!’ ಎನ್ನುತ್ತದೆ, ಆಗ ಯಾರೂ ಮೋಸ ಎನ್ನುವಂತಿಲ್ಲ. ಫೆವ್ ಸಿಕ್ಕವರು ‘ಜೇ ಲಾ ಫೆವ್!’ ಎಂದು ಕೂಗಿ ಕಾಗದದ ಕಿರೀಟ ತೊಡುತ್ತಾರೆ. ರಾಷ್ಟ್ರಾಧ್ಯಕ್ಷರ ಎಲಿಸೇ ಅರಮನೆಗೆ ಹೋಗುವ ಗಾಲೆತ್‌ನಲ್ಲಿ ಮಾತ್ರ ಫೆವ್ ಇಡುವುದಿಲ್ಲ. ಗಣರಾಜ್ಯದಲ್ಲಿ ರಾಜನಿಗೆ ಕಿರೀಟ ತೊಡಿಸುವುದು ಹೇಗೆ! ಮನೆಯಲ್ಲಿ ಯಾವುದಾದರೂ ಕೇಕಿನೊಳಗೆ ಒಂದು ಬಾದಾಮಿ ಹುದುಗಿಸಿ ಇದನ್ನು ಆಡಿ. ‘ಪೂರ್’ ಎಂಬ ಪದ ಮಕ್ಕಳಿಗೆ ಜೀವನಪೂರ್ತಿ ಮರೆಯುವುದಿಲ್ಲ.

ಫೆಬ್ರವರಿ 2 ‘ಶಾಂದಲರ್’, ಕ್ರೆಪ್ ತಿನ್ನುವ ದಿನ. ನಮ್ಮ ದೋಸೆ ಕಾವಲಿಯೇ ಸಾಕು. 250 ಗ್ರಾಂ ಮೈದಾ, 4 ಮೊಟ್ಟೆ, ಅರ್ಧ ಲೀಟರ್ ಹಾಲು, ಚಿಟಿಕೆ ಉಪ್ಪು, ಸ್ವಲ್ಪ ಕರಗಿಸಿದ ಬೆಣ್ಣೆ. ಅಡುಗೆ ಪುಸ್ತಕದಲ್ಲಿ ಕ್ರಿಯಾಪದಗಳು ಮೂಲರೂಪದಲ್ಲೇ ಇರುತ್ತವೆ: ‘ಮೇಲಾಂಜೇ’ ಕಲಸುವುದು, ‘ಆಜೂತೇ’ ಸೇರಿಸುವುದು, ‘ಲೆಸೇ ರಪೋಜ಼ೇ’ ಒಂದು ಗಂಟೆ ಹಾಗೇ ಬಿಡುವುದು. ಒಂದು ಕೈಯಲ್ಲಿ ನಾಣ್ಯ ಹಿಡಿದು ಇನ್ನೊಂದು ಕೈಯಿಂದ ಕ್ರೆಪ್ಪನ್ನು ಮೇಲೆ ಹಾರಿಸಿ ಮಗುಚಿದರೆ ವರ್ಷವಿಡೀ ದುಡ್ಡಿಗೆ ಕೊರತೆ ಇಲ್ಲ ಎಂಬ ನಂಬಿಕೆ. ಬ್ರೆತಾನ್ಯ್ ಪ್ರದೇಶದವರ ಮುಂದೆ ಮಾತ್ರ ಜಾಗ್ರತೆ. ಅಲ್ಲಿ ಹಲವು ಕಡೆ ಬಕ್‌ವೀಟ್ ಹಿಟ್ಟಿನ ಖಾರದ್ದು ‘ಗಾಲೆತ್’, ಗೋಧಿಹಿಟ್ಟಿನ ಸಿಹಿಯದು ‘ಕ್ರೆಪ್’.

ಏಪ್ರಿಲ್ 1ರಂದು ಮಕ್ಕಳು ಕಾಗದದ ಮೀನು ಕತ್ತರಿಸಿ ಇತರರ ಬೆನ್ನಿಗೆ ಅಂಟಿಸಿ ‘ಪ್ವಾಸೋಂ ದಾವ್ರಿಲ್!’, ಏಪ್ರಿಲ್ ಮೀನು ಎಂದು ಕೂಗುತ್ತಾರೆ. ಮೇ 1ಕ್ಕೆ ‘ಮ್ಯುಗೆ’ ಎಂಬ ಗಂಟೆಯಾಕಾರದ ಬಿಳಿ ಹೂವಿನ ಕಡ್ಡಿ ಕೊಡುತ್ತಾರೆ, ಆ ಒಂದು ದಿನ ಸಾಮಾನ್ಯ ಜನರೂ ಬೀದಿಯಲ್ಲಿ ಅದನ್ನು ಮಾರಬಹುದು. ಮೇ ತಿಂಗಳಲ್ಲಿ ರಜೆಗಳು ಸಾಲಾಗಿ ಬರುತ್ತವೆ. ಗುರುವಾರ ರಜೆ ಬಂದರೆ ಶುಕ್ರವಾರವೂ ರಜೆ ಹಾಕಿ ನಾಲ್ಕು ದಿನ ಮಾಡಿಕೊಳ್ಳುವುದಕ್ಕೆ ‘ಫೆರ್ ಲ ಪೋಂ’, ಸೇತುವೆ ಕಟ್ಟುವುದು ಎನ್ನುತ್ತಾರೆ. ಬೆಂಗಳೂರಿನ ಆಫೀಸುಗಳಿಗೆ ಈ ಮಾತು ತುರ್ತಾಗಿ ಬೇಕು.

ಜೂನ್ 21ರಂದು ‘ಫೆತ್ ದ ಲಾ ಮ್ಯುಜ಼ಿಕ್’. 1982ರಲ್ಲಿ ಸಂಸ್ಕೃತಿ ಸಚಿವ ಜಾಕ್ ಲಾಂಗ್ ಕಾಲದಲ್ಲಿ ಆರಂಭವಾದದ್ದು. ಬೀದಿ ಬೀದಿಯಲ್ಲಿ ಯಾರು ಬೇಕಾದರೂ ಹಾಡಬಹುದು, ಬಾರಿಸಬಹುದು. ಜುಲೈ 14 ರಾಷ್ಟ್ರೀಯ ಹಬ್ಬ. ಅದರ ಸುತ್ತಿನ ರಾತ್ರಿಗಳಲ್ಲಿ ಅಗ್ನಿಶಾಮಕ ದಳದವರು ತಮ್ಮ ಠಾಣೆಗಳಲ್ಲೇ ‘ಬಾಲ್ ದೇ ಪೋಂಪಿಯೇ’ ಎಂಬ ನೃತ್ಯಕೂಟ ಏರ್ಪಡಿಸುತ್ತಾರೆ. ಡಿಸೆಂಬರಿನಲ್ಲಿ ಪ್ರೊವಾಂಸಿನ ಕ್ರಿಸ್ಮಸ್ ಮೇಜಿನ ಮೇಲೆ 13 ಬಗೆಯ ಸಿಹಿ ಇಡುತ್ತಾರೆ, ಯೇಸು ಮತ್ತು 12 ಶಿಷ್ಯರ ಲೆಕ್ಕಕ್ಕೆ.

ಹವಾಮಾನದ ಗಾದೆಗಳೂ ಇದೇ ಪಂಚಾಂಗಕ್ಕೆ ಜೋತುಬಿದ್ದಿವೆ. ‘ಭರಣಿ ಮಳೆ ಧರಣಿ ಬೆಳೆ’ ಎನ್ನುವ ನಮ್ಮ ರೈತರಿಗೆ ನಕ್ಷತ್ರಗಳಿದ್ದಂತೆ ಅವರಿಗೆ ಸಂತರ ದಿನಗಳೂ ಹಬ್ಬಗಳೂ. ‘ನೋಯೆಲ್ ಓ ಬಾಲ್ಕೋಂ, ಪಾಕ್ ಓ ತಿಜ಼ೋಂ’: ಕ್ರಿಸ್ಮಸ್ ಬಾಲ್ಕನಿಯಲ್ಲಿ ಕಳೆದರೆ ಈಸ್ಟರ್ ಬೆಂಕಿಯ ಮುಂದೆ. ಪ್ರಾಸ ಇರುವುದರಿಂದ ಇವು ಬಾಯಲ್ಲಿ ತಾವಾಗಿ ಉಳಿಯುತ್ತವೆ, ಮೂಗಿನ ಸ್ವರಕ್ಕೂ ಒಳ್ಳೆಯ ಅಭ್ಯಾಸ.

ಹಂತ 8: ಊರೂರಿನ ಜಗಳಗಳು

ಧಾರವಾಡ, ಮೈಸೂರು, ಮಂಗಳೂರುಗಳ ಕನ್ನಡ ಬೇರೆ ಬೇರೆ ಇರುವಂತೆ ಫ್ರೆಂಚೂ ಒಂದಲ್ಲ. ಚಾಕೊಲೇಟ್ ಇಟ್ಟ ಪದರದ ತಿಂಡಿ ಪ್ಯಾರಿಸ್ಸಿನಲ್ಲಿ ‘ಪ್ಯಾಂ ಓ ಶೊಕೊಲಾ’, ಬೊರ್ದೊ ಮತ್ತು ತುಲೂಜ಼್ ಕಡೆ ‘ಶೊಕೊಲಾತಿನ್’. ಎರಡೂ ಪಕ್ಷಗಳು ಈ ವಿಷಯದಲ್ಲಿ ರಾಜಿಯಾಗುವುದಿಲ್ಲ. ಉತ್ತರದವರ ಉಚ್ಚಾರಣೆಯೇ ಕಥೆಯಾದ ದನಿ ಬೂನ್ ಅವರ ‘ಬ್ಯಾಂವನ್ಯು ಶೇ ಲೇ ಶ್ತಿ’ (2008) ಸಿನಿಮಾಕ್ಕೆ ಫ್ರಾನ್ಸಿನಲ್ಲಿ 2 ಕೋಟಿಗೂ ಹೆಚ್ಚು ಟಿಕೆಟ್ ಮಾರಾಟವಾದವು. ಉಪಶೀರ್ಷಿಕೆ ಹಾಕಿಕೊಂಡು ನೋಡಿ.

ಸಂಖ್ಯೆಗಳನ್ನು ಇಲ್ಲೇ ಕಲಿಯಿರಿ. 70 ಎಂದರೆ ‘ಅರವತ್ತು-ಹತ್ತು’, 80 ಎಂದರೆ ‘ಕಾತ್ರ ವ್ಯಾಂ’, ನಾಲ್ಕು ಇಪ್ಪತ್ತು. 99 ನಾಲ್ಕು ಇಪ್ಪತ್ತರ ಮೇಲೆ ಹತ್ತೊಂಬತ್ತು. ಇಪ್ಪತ್ತರ ಗುಂಪಿನಲ್ಲಿ ಎಣಿಸುವ ಹಳೆಯ ಪದ್ಧತಿಯ ಉಳಿಕೆ ಇದು. 13ನೆಯ ಶತಮಾನದಲ್ಲಿ ದೊರೆ 9ನೆಯ ಲೂಯಿ 300 ಮಂದಿ ಕುರುಡರಿಗಾಗಿ ಪ್ಯಾರಿಸ್ಸಿನಲ್ಲಿ ಕಟ್ಟಿಸಿದ ಆಶ್ರಯ ಇಂದಿಗೂ ‘ಕ್ಯಾಂಜ಼್ ವ್ಯಾಂ’, ಹದಿನೈದು ಇಪ್ಪತ್ತು ಎಂಬ ಹೆಸರಿನ ಕಣ್ಣಿನ ಆಸ್ಪತ್ರೆಯಾಗಿ ನಡೆಯುತ್ತಿದೆ. ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡಿನವರು 70ಕ್ಕೆ ‘ಸೆಪ್ತಾಂತ್’, 90ಕ್ಕೆ ‘ನೊನಾಂತ್’ ಎನ್ನುತ್ತಾರೆ. ಅದೇ ಸುಲಭ, ಪ್ಯಾರಿಸ್ಸಿನಲ್ಲೂ ಅರ್ಥವಾಗುತ್ತದೆ.

ಹಂತ 9: ಈಗ ಕೋಷ್ಟಕ, ಈಗ ಜನ

ಇಷ್ಟಾದ ಮೇಲೆ ವ್ಯಾಕರಣದ ಪುಸ್ತಕ ತೆರೆಯಿರಿ. ಅದರ ವಾಕ್ಯಗಳಲ್ಲಿ ಅರ್ಧದಷ್ಟು ನಿಮಗೆ ಪರಿಚಿತ ಮುಖಗಳಾಗಿರುತ್ತವೆ. ಒಂದು ಕಡೆ ಮಾತ್ರ ಹೆಚ್ಚು ಬೆವರು ಸುರಿಸಬೇಕು, ಅದು ಲಿಂಗ. ನಮ್ಮಲ್ಲಿ ಅರ್ಥ ನೋಡಿ ಲಿಂಗ ಹೇಳಬಹುದು. ಅಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು, ಕಾರಣ ಕೇಳುವಂತಿಲ್ಲ. ಆದ್ದರಿಂದ ‘ತಾಬ್ಲ್’ ಎಂದು ಬರೆಯಬೇಡಿ, ‘ಲಾ ತಾಬ್ಲ್’ ಎಂದೇ ಬರೆಯಿರಿ. ‘ಲಾ ಫೆವ್’, ‘ಲ ಪೋಂ’, ‘ಅಂ ಲಾಪ್ಯಾಂ’ ಎಂದು ಮೊದಲೇ ಕಲಿತವರಿಗೆ ಇದು ರೂಢಿಯಾಗಿರುತ್ತದೆ.

ಕೇಳಲು ಎರಡು ಒಳ್ಳೆಯ ಜಾಗಗಳಿವೆ, ಎರಡೂ ಉಚಿತ. ಆರ್‌ಎಫ್‌ಐ ರೇಡಿಯೋದ ಸುಲಭ ಫ್ರೆಂಚ್ ವಾರ್ತೆ ಸುಮಾರು ಹತ್ತು ನಿಮಿಷದ್ದು, ಜೊತೆಗೆ ಬರಹವೂ ಸಿಗುತ್ತದೆ. ಟಿವಿ5 ಮೋಂದ್‌ನ ಕಲಿಕೆಯ ವಿಭಾಗದಲ್ಲಿ ಮಟ್ಟಕ್ಕೆ ತಕ್ಕ ವಿಡಿಯೋ ಪಾಠಗಳಿವೆ. ಮೊದಲು ಬರಹ ನೋಡದೆ ಕೇಳಿ, ಆಮೇಲೆ ಬರಹದೊಂದಿಗೆ, ಕೊನೆಗೆ ಅವರ ಜೊತೆಜೊತೆಗೇ ಜೋರಾಗಿ ಹೇಳಿ.

ಮಾತಾಡಲು ಜನ ಬೇಕು. ಬೆಂಗಳೂರಿನ ವಸಂತನಗರದ ಅಲಿಯಾನ್ಸ್ ಫ್ರಾಂಸೇಸ್‌ನಲ್ಲಿ ತರಗತಿಗಳ ಜೊತೆಗೆ ಸಿನಿಮಾ, ಸಂಗೀತ, ಗ್ರಂಥಾಲಯಗಳೂ ಇವೆ. ಪ್ರಮಾಣಪತ್ರ ಬೇಕಾದವರು ಡೆಲ್ಫ್ ಪರೀಕ್ಷೆಯ ಎ1 ಮಟ್ಟದಿಂದ ಆರಂಭಿಸಬಹುದು, ಒಮ್ಮೆ ಪಾಸಾದರೆ ಅದಕ್ಕೆ ಅವಧಿ ಮುಗಿಯುವುದಿಲ್ಲ. 1954ರವರೆಗೆ ಫ್ರೆಂಚರ ಆಡಳಿತದಲ್ಲಿದ್ದ ಪುದುಚೇರಿ ರಾತ್ರಿ ಬಸ್ಸಿನಷ್ಟು ದೂರ. ಅಲ್ಲಿ ಜುಲೈ 14ನ್ನು ಇಂದಿಗೂ ಆಚರಿಸುತ್ತಾರೆ. ಫ್ರೆಂಚ್ ಸೈನ್ಯದಲ್ಲಿದ್ದು ನಿವೃತ್ತರಾದ ತಮಿಳು ಕುಟುಂಬಗಳಲ್ಲಿ ಫ್ರೆಂಚ್ ಮಾತಾಡುವ ಹಿರಿಯರು ಸಿಗುತ್ತಾರೆ.

ಹೊರಡುವ ಮೊದಲು ಮೂರು ವಾಕ್ಯ ಗಟ್ಟಿ ಮಾಡಿಕೊಳ್ಳಿ. ‘ಪ್ಲ್ಯು ಲಾಂತ್‌ಮಾಂ, ಸಿಲ್ ವೂ ಪ್ಲೆ’, ಸ್ವಲ್ಪ ನಿಧಾನವಾಗಿ ಹೇಳಿ. ‘ಸಾ ವ ದೀರ್ ಕ್ವಾ?’, ಅದರ ಅರ್ಥವೇನು. ವಸ್ತುವನ್ನು ಬೆರಳಿನಿಂದ ತೋರಿಸುತ್ತ ‘ಕೋಮಾಂ ಓಂ ದಿ ಸಾ ಆಂ ಫ್ರಾಂಸೆ?’, ಇದಕ್ಕೆ ಫ್ರೆಂಚಿನಲ್ಲಿ ಏನೆನ್ನುತ್ತಾರೆ. ಮೂರಕ್ಕೂ ಮೊದಲು ‘ಬೋಂಜೂರ್’ ಹೇಳುವುದನ್ನು ಬಿಡಬೇಡಿ.